ದೊಡ್ಡವ್ವಗ ಉಡಿ ತುಂಬಿದ್ದು

ರಾಯಚೂರು ಸ್ಟೇಷನ್ನಿನ ಹಿಂದ ಒಂದು ಹತ್ತಿ ಪ್ರೆಸ್ ಇತ್ತು. ಈಗ ಹೋಗಿ ಹುಡುಕಬ್ಯಾಡ್ರಿ, ಸಿಗೋದಿಲ್ಲ. ಆ ಪ್ರೆಸ್ಸಿನಾಗ ಗಡಿಗೆಪ್ಪ ಅನ್ನಾವ ಇದ್ದ. ಇದ್ದ ಅಂದ್ರ ಬರೇ ದುಡಿಯಾಕ ಇದ್ದ ಅಂತಲ್ಲ, ಅಲ್ಲೇ ಬೇರು ಬಿಟ್ಟಿದ್ದ. ಅವರಪ್ಪ ಗುಂಜಹಳ್ಳಿಂದ ಹತ್ತಿ ಅಂಡಿಗಿ ಹೊರಾಕ ಬಂದಾವ, ಹೊತ್ತು ಹೊತ್ತು ಬೆನ್ನು ಬಾಗಿ, ಮಗನ್ನ ಮಷಿನ್ ಬುಡಕ ನಿಂದ್ರಿಸಿ ಕಣ್ಣು ಮುಚ್ಚಿದ್ದ. ಮಗ ಅಲ್ಲೇ ಬೆಳಕೋತ ಪ್ರೆಸ್ ಮೇಸ್ತ್ರಿ ಆದ. ಓದು ಅಷ್ಟಕ್ಕಷ್ಟ, ಮಾತೂ ಅಷ್ಟಕ್ಕಷ್ಟ. ಮುಂಜಾನಿ ಎದ್ದು ತನ್ನ ಮಾರಿ ತೊಳಕೊಳ್ಳೋಕಿಂತ ಮೊದಲ ಹೋಗಿ ಮಷಿನ್ ಮಾರಿ ನೋಡಿ ಬರತಿದ್ದ. ಅವನ ಹೆಂಡತಿ ಬಂಡೆಮ್ಮ, ‘ನನಗ ಸವತಿ ಅಂದ್ರ ಅಕೀನ ನೋಡ್ರಿ’ ಅಂತ ಕಂಡ ಕಂಡವರ ಮುಂದ ಹೇಳಿ ನಗತಿದ್ಲು.

ಮಷಿನ್ ಅಂದ್ರ ಸಣ್ಣದಲ್ಲ. ವಿಲಾಯತಿ ಮಾಲು, ಬಿಳಿ ದೊರಿಗಳ ಕಾಲದ್ದು. ನೆಲದಾಗ ಭಾವಿಯಂಥಾ ಒಂದು ಗುಂಡಿ. ಆ ಗುಂಡಿಯೊಳಗ ಉಕ್ಕಿನ ಕಂಬ, ಇಬ್ಬರು ಕೂಡಿ ತಬ್ಬಿಕೊಂಡ್ರ ಕೈಗೆ ಕೈ ತಾಕಬೇಕು, ಅಷ್ಟು ದಪ್ಪ. ಪಂಪಿನ ನೀರು ಬುಡಕ ನುಗ್ಗಿತಂದ್ರ ಕಂಬ ಸಾವಕಾಶ ಮ್ಯಾಲೇಳತಿತ್ತು. ಎದ್ದು, ಪೆಟ್ಟಿಗಿಯೊಳಗ ತುಂಬಿದ ಅರಳಿಯನ್ನ, ಅಂದ್ರ ಬೀಜ ತಗದ ಹತ್ತಿಯನ್ನ, ಮ್ಯಾಲಿನ ಬೀಡುಕಬ್ಬಿಣದ ತಲಿಗೆ ಒತ್ತಿ ಒತ್ತಿ ಕಲ್ಲಿನಂಥಾ ದಿಂಡು ಮಾಡತಿತ್ತು. ಇಡೀ ಮಷಿನ್ನಿನ ಜೀವ ಆ ಕಂಬದಾಗ ಇತ್ತು. ಯಾಕಂದ್ರ ಕಂಬದ ಸುತ್ತ ಒಂದು ಚರ್ಮದ ವಾಷರ್ ಇರತದ, ಕಂಬ ಕನ್ನಡಿ ಹಂಗ ನುಣ್ಣಗಿದ್ರ ಮಾತ್ರ ಅದು ನೀರು ಹಿಡೀತದ. ಒಂದು ಗೀರು ಬಿತ್ತೋ, ವಾಷರ್ ಹರೀತು, ನೀರು ಸೋರಿತು, ದಿಂಡು ಮೆತ್ತಗಾತು. ಹಂಗಾಗಿ ಕೂಲಿ ಮಂದಿ ಆ ಕಂಬದ ಹತ್ತಿರ ಕೈಬಳಿ ತಗದಿಟ್ಟು ಹೋಗತಿದ್ರು. ಕಂಬಕ್ಕ, ಅದರ ಕೂಡ ಇಡೀ ಮಷಿನ್ನಿಗೂ, ದೊಡ್ಡವ್ವ ಅಂತ ಹೆಸರಿಟ್ಟಿದ್ರು.

ದೀಪಾವಳಿ ಮುಂದ ದೊಡ್ಡವ್ವ ಏಳತಿದ್ಲು, ಬ್ಯಾಸಗಿ ಕಾಯೋ ಹೊತ್ತಿಗೆ ಮಲಗತಿದ್ಲು. ಮಲಗತಿದ್ಲು ಅಂದ್ರ ಮಾತಿಗೆ, ನಿಂತಲ್ಲೇ ನಿಂತಿರತಿದ್ಲು. ಹಂಗಾಮು ಮುಗಿದ ದಿವಸ ಅಲ್ಲೊಂದು ಪದ್ಧತಿ ಇತ್ತು. ಹತ್ತಿ ಪ್ರೆಸ್ಸಿನಾಗ ಗ್ರೀಸ್ ಅಂದ್ರ ಪೀಡಾ. ಹಾರೋ ಅರಳಿಯೆಲ್ಲ ಅದಕ್ಕ ಹತ್ತಿ ಗಂಟು ಗಂಟಾಗತದ, ಧೂಳು ಕೂಡಿ ಉಸುಕಿನಂಗ ತಿಕ್ಕತದ, ಒಂದು ಕಿಡಿ ಬಿತ್ತಂದ್ರ ಹೊತ್ತಿ ಉರೀತದ. ಅದಕ್ಕ ಕಂಬವನ್ನ ಚಿಮಣಿ ಎಣ್ಣಿಲೇ ತೊಳದು, ಒಂದು ಹನಿ ಜಿಡ್ಡು ಉಳೀದಂಗ ಒರಸಿ, ಆ ವರ್ಷದ ಚೊಲೊ ಅರಳಿ ಆರಿಸಿ ಮೈತುಂಬ ಸುತ್ತಿ, ಮ್ಯಾಲೆ ಹೊಸ ಬಟ್ಟಿ ಬಿಗೀತಿದ್ರು. ಸುತ್ತೋ ಕೆಲಸ ಹೆಣ್ಣಮಕ್ಕಳದು. ಬಂಡೆಮ್ಮ ಮುಂದ, ಬಾಗಲವಾಡದ ಮಾನಮ್ಮ ಹಿಂದ. ದೀಪಾವಳಿಗೆ ಬಿಚ್ಚಿದ್ರ ಕಂಬದಾಗ ಮಾರಿ ನೋಡಿ ಕುಂಕುಮ ಹಚ್ಚಿಕೋಬಹುದಿತ್ತು. ರಾಯಚೂರಿನ ಹವಾದಾಗ ಏನು ತುಕ್ಕು ಹಿಡೀತದ್ರಿ? ಮಳಿ ಬಂದ್ರೂ ನೆಲ ಮುಟ್ಟೋಕಿಂತ ಮೊದಲ ಒಣಗಿ ಹೋಗೋ ಊರದು. ಗಡಿಗೆಪ್ಪನ ಅಪ್ಪನ ಕಾಲದಿಂದ ಹಿಂಗ ನಡದು ಬಂದಿತ್ತು, ಒಮ್ಮಿನೂ ಎಡವಟ್ಟಾಗಿದ್ದಿಲ್ಲ.

ಎಂಬತ್ತನೇ ಇಸವಿ ದಾಟಿದ ಮ್ಯಾಲೆ ದಿನ ಕೆಟ್ಟವು. ಹಳೇ ಸಾವ್ಕಾರ್ರು ಹೋದ್ರು. ಅವರ ಮಗನಿಗೆ ಹತ್ತಿ ಧೂಳು ಆಗಿ ಬರಲಿಲ್ಲ, ಜಾಗ ಮಾರಿ ಸಿನಿಮಾ ಟಾಕೀಸ್ ಕಟ್ಟಸ್ತೀನಿ ಅಂತ ಕುಂತ. ಮಷಿನ್ ಗುಜರಿ ಕಬ್ಬಿಣ ಆಗಿ ಮೋಡಕಾ ಬಜಾರಿಗೆ ಹೋಗತದ ಅಂತ ಸುದ್ದಿ ಎದ್ದಾಗ ಗಡಿಗೆಪ್ಪ ಊಟ ಬಿಟ್ಟ. ಸುತ್ತಿಗಿಲೇ ಒಡದು ಟನ್ನಿನ ಲೆಕ್ಕದಾಗ ತೂಗೋದನ್ನ ನೋಡಾಕ ಅವನ ಕೈಲೆ ಆಗೋದಿದ್ದಿಲ್ಲ.

ಅಷ್ಟರಾಗ ಆಫ್ರಿಕಾದಿಂದ ಒಬ್ಬ ಗುಜರಾತಿ ಸೇಟು ಬಂದ. ಅಜ್ಜನ ಕಾಲದಿಂದ ಅಲ್ಲೇ ಇದ್ದು ಹತ್ತಿ ವ್ಯಾಪಾರ ಮಾಡೋ ಮಂದಿ. ದೊಡ್ಡವ್ವ ದಿಂಡು ಎತ್ತೋದನ್ನ ಒಂದು ಮುಂಜಾನಿ ಪೂರ್ತಿ ನಿಂತು ನೋಡಿದ. ಗಡಿಗೆಪ್ಪ ಪಂಪಿನ ಮೋಟು ಹಿಡಿಕಿ ಹಿಡಕೊಂಡು, ಕಣ್ಣು ಮುಚ್ಚಿ, ಬರೇ ಸಪ್ಪಳದ ಮ್ಯಾಲೆ ನೀರು ಬಿಡೋದನ್ನೂ ನೋಡಿದ. ಆಮ್ಯಾಲೆ ತನ್ನ ಹರಕು ಮುರುಕು ಹಿಂದಿಯೊಳಗ ಹೇಳಿದ: ಗಾಲಿ, ಪಂಪು, ಪೈಪು ಏನಾದ್ರೂ ಒಡದ್ರ ಅಲ್ಲಿ ಮಾಡಿಸ್ತೀನಿ, ಕಂಬ ಮಾತ್ರ ಮಾಡಾವ್ರು ಅಲ್ಲಿ ಯಾರೂ ಇಲ್ಲ. ಕಂಬ ಏನೂ ಆಗದಂಗ ಬಂದು ಮೊದಲನೇ ದಿಂಡು ಎತ್ತಿತಂದ್ರ ಆ ದಿನಾನ ನಿನಗೂ ನಿನ್ನ ಹೆಂಡತಿಗೂ ಟಿಕೇಟು ಕಳಸ್ತೀನಿ, ಬಂದು ನಿನ್ನ ಮಷಿನ್ ನೀನ ನಡಸು.

ಹೇಳ್ರಿ, ಇದಕ್ಕಿಂತ ಇನ್ನೇನು ಬೇಕಿತ್ತು ಆ ಮನುಷ್ಯಾಗ. ಪಾಸ್‌ಪೋರ್ಟಿಗೆ ಫೋಟೋ ತಗಸಾಕ ಹೋದಾಗ ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡದು ಕುಂತಿದ್ರಂತ. ಬಂಡೆಮ್ಮ ಕಲ್ಲೂರಿನ ತವರಿಗೆ ಹೋಗಿ ಎಲ್ಲರಿಗೂ ಹೇಳಿ ಬಂದ್ಲು. ಆಕಿಗೆ ಇದ್ದದ್ದು ಒಂದ ಚಿಂತಿ.

“ಅಲ್ಲಿ ಜ್ವಾಳ ಸಿಗತಾದೇನ್ರೀ?” ಅಂತ ಗಂಡನ್ನ ಕೇಳಿದ್ಲು.

“ಹತ್ತಿ ಬೆಳೆಯೋ ನೆಲ ಅಂದ ಮ್ಯಾಲೆ ಜ್ವಾಳ ಬೆಳೀದ ಇರತದೇನು,” ಅಂದ ಗಡಿಗೆಪ್ಪ. ಅವನಿಗೂ ಗೊತ್ತಿದ್ದಿಲ್ಲ ಅನ್ನ್ರಿ.

ಮಷಿನ್ ಕಳಸೋ ಜವಾಬ್ದಾರಿ ವಲಿ ಪಾಷಾಂದು. ಈ ಪಾಷಾ ರಾಯಚೂರಿನಾವನ, ಆದ್ರ ಹರೇದಾಗ ಬೊಂಬಾಯಿ ಬಂದರಿನಾಗ ಮಾಲು ಹತ್ತಿಸೋ ಇಳಿಸೋ ಕೆಲಸ ಮಾಡಿ ಬಂದಾವ. ಯಾವ ಮಾಲು ಹಡಗಕ್ಕ ಏರಿಸೋ ಯಾವ ಡಬ್ಬಿಗೆ, ಅಂದ್ರ ಕಂಟೇನರಿಗೆ, ಅನ್ನೋದು ಅವನಿಗೆ ಅಂಗೈ ಗೆರಿ ಇದ್ದಂಗ. ಸ್ಟೇಷನ್ ಮುಂದಿನ ಚಹಾದಂಗಡಿಯೊಳಗ ಕುಂತು ಗಡಿಗೆಪ್ಪಗ ಒಂದು ಕಡ್ಡಿಪೆಟ್ಟಿಗಿ ತಗದು ತೋರಿಸಿದ.

“ನೋಡಪಾ ಗಡಿಗೆಪ್ಪಣ್ಣ, ಇದು ಮುಚ್ಚಿದ ಡಬ್ಬಿ. ಬಾಗಲ ಒಂದ ಕಡಿ. ಗಾಲಿ, ಪಂಪು, ಪೈಪು, ನಿನ್ನ ಸಣ್ಣಪುಟ್ಟ ಸಾಮಾನೆಲ್ಲ ಇದರಾಗ.” ಆಮ್ಯಾಲೆ ಒಳಗಿನ ಟ್ರೇ ಎಳದು ಕಡ್ಡಿ ಸುರುವಿದ. “ಇದು ತಲಿ ಬಿಚ್ಚಿದ ಡಬ್ಬಿ. ಸುತ್ತ ಗ್ವಾಡಿ ಅದ, ಮ್ಯಾಲೆ ಛತ್ತು ಇಲ್ಲ. ಎತ್ತರದ ಮಾಲು ಇದ್ರ ಕ್ರೇನಿಲೇ ಮ್ಯಾಲಿಂದ ಇಳಿಸಿ ತಾಡಪತ್ರಿ ಬಿಗಿಯೋದು.” ಕಡೀಕ ಟ್ರೇದ ಎರಡೂ ಬಗಲು ಹರದು ಹಾಕಿದ. “ಇದು ತಟ್ಟಿ. ಬರೇ ತಳ, ಹಿಂದ ಮುಂದ ಎರಡು ತುದಿ. ಅಗಲ ಜಾಸ್ತಿ ಇದ್ದದ್ದಕ್ಕ ಇದು. ನಿನ್ನ ದೊಡ್ಡವ್ವನ ಬೀಡಿನ ತಲಿ ಯಾವ ಡಬ್ಬಿಗೂ ಹಿಡಿಸೋದಿಲ್ಲ, ಅದು ಇದರ ಮ್ಯಾಲೆ ಹೊರಗ ಚಾಚಿಕೊಂಡು ಹೋಗತದ.”

“ಬಯಲಾಗ?” ಅಂದ ಗಡಿಗೆಪ್ಪ.

“ಬಯಲಾಗ. ಬಣ್ಣ ಬಳದ ಬೀಡು, ಏನಾಗೋದಿಲ್ಲ.”

ಉಳಿದದ್ದು ಕಂಬ. ಪಾಷಾನ ಲೆಕ್ಕದ ಪ್ರಕಾರ ಕಂಬ ಮುಚ್ಚಿದ ಡಬ್ಬಿಯೊಳಗ ಅಡ್ಡ ಮಲಗಿ ಹೋಗಬೇಕು. ಬುಡಕ ದಪ್ಪ ಕಟ್ಟಿಗಿ ತೊಲಿ ಹಾಕಿ, ಭಾರ ತಳಕ್ಕೆಲ್ಲ ಹಂಚಿ, ಎರಡೂ ಬಗಲಿಗೆ ಗೂಟ ಬಡದು, ಬಾಗಲ ಹಾಕಿದ್ರ ಮುಗೀತು. ಸಮುದ್ರದ ಗಾಳಿ ಹತ್ತೋದಿಲ್ಲ.

ಗಡಿಗೆಪ್ಪ ಚಹಾದ ಕಪ್ಪು ಕೆಳಗಿಟ್ಟ. ಮಲಗಿಸೋ ಮಾತು ಅವನ ಕಿವಿಗೆ ಕೆಂಡ ಬಿದ್ದಂಗ ಆತು. ಮಾನ್ವಿ ಗಿರಣಿಯೊಳಗ ಒಂದು ಲಾಟು, ಗಾಲಿ ತಿರುಗಿಸೋ ಉದ್ದನ್ನ ಉಕ್ಕಿನ ಸಳಿ, ಮಳಿಗಾಲ ಪೂರ್ತಿ ಗ್ವಾಡಿಗೆ ಅಡ್ಡ ಬಿದ್ದು ಬಿಲ್ಲಿನಂಗ ಬಾಗಿದ್ದನ್ನ ಅವ ಕಣ್ಣಾರೆ ನೋಡಿದ್ದ. ಹುಟ್ಟಿದಾಗಿಂದ ನಿಂತಾಕಿನ್ನ ಎಷ್ಟೋ ವಾರ ಕುಲುಕೋ ಹಡಗಿನಾಗ ಮಲಗಿಸಿದ್ರ ನಡು ಬಾಗೋದಿಲ್ಲಂತ ಯಾರು ಹೇಳಬೇಕು. ಒಂದು ಕೂದಲೆಳಿ ಬಾಗಿದ್ರೂ ಸಾಕು, ವಾಷರ್ ಕೂಡಂಗಿಲ್ಲ.

“ನಿಂತೇ ಹೋಗಲಿ ಸಾಬ್ರ. ತಲಿ ಬಿಚ್ಚಿದ ಡಬ್ಬಿಯೊಳಗ ನಿಂದ್ರಸ್ರಿ,” ಅಂದ.

“ಅರೆ, ಅಷ್ಟು ದಪ್ಪ ಉಕ್ಕು ಬಾಗತದೇನಪಾ. ನಿಂದ್ರಸಿದ್ರ ಹಡಗದಾಗ ಹೊರಗಿನ ಸಾಲಿಗೆ ಇಡತಾರ. ತಾಡಪತ್ರಿ ಬುಡಕ ಹವಾ ಬರತದ. ಅಲ್ಲಿ ಹವಾನ ಬ್ಯಾರೆ.”

“ಹವಾಕ್ಕ ಏನಾಗತದ್ರಿ. ಬಾಗಿದ್ರ ನೆಟ್ಟಗ ಮಾಡಾವ್ರು ಯಾರದಾರ?”

ಪಾಷಾ ತಲಿ ಕೆರಕೊಂಡ. ಕಂಬದ ವಿಷಯದಾಗ ಮೇಸ್ತ್ರಿ ಹೇಳಿದಂಗ ಕೇಳು ಅಂತ ಸೇಟು ಅವನಿಗೆ ಹೇಳಿ ಹೋಗಿದ್ದ. ಮ್ಯಾಲೆ ಗಡಿಗೆಪ್ಪನ ಮಾರಿ ನೋಡಿದ್ರ ಇನ್ನೊಂದು ಮಾತು ಆಡಿದ್ರ ಅತ್ತೇ ಬಿಡತಾನ ಅನ್ನಂಗ ಇತ್ತು. “ಆತು ತಗೋ, ನಿಂತೇ ಹೋಗಲಿ ನಿಮ್ಮವ್ವ,” ಅಂದು ಚಹಾದ ರೊಕ್ಕ ಕೊಟ್ಟು ಎದ್ದ.

ಇಲ್ಲೇ ನೋಡ್ರಿ, ಒಂದು ಮಾತು ಇಬ್ಬರ ನಡುವ ಬಿದ್ದು ಹೋತು. ಕಬ್ಬಿಣವನ್ನ ಸಮುದ್ರಕ್ಕ ಕಳಸಬೇಕಾದ್ರ ಗ್ರೀಸ್ ಬಳೀಬೇಕು, ಮ್ಯಾಲೆ ಮೇಣದ ಕಾಗದ ಸುತ್ತಬೇಕು ಅಂತ ಪಾಷಾ ಹೇಳಲಿಲ್ಲ. ಅದನ್ನೇನು ಮೇಸ್ತ್ರಿಗೆ ಹೇಳಿಕೊಡೋದು ಅಂದುಕೊಂಡ. ಗಡಿಗೆಪ್ಪ ಕೇಳಲಿಲ್ಲ. ನಿಂತ ಕಂಬ ಹೆಂಗ ಕಾಯಬೇಕು ಅನ್ನೋದನ್ನ ಅವನು ಯಾರನ್ನ ಕೇಳಬೇಕಿತ್ತು, ಜೀವಮಾನ ಪೂರ್ತಿ ಕಾದಿದ್ದ. ಈ ಇಬ್ಬರೂ ಶ್ಯಾಣ್ಯಾರು, ಇಬ್ಬರೂ ಒಳ್ಳೆಯವರು. ನನಗ ಇವತ್ತಿಗೂ ಸಿಟ್ಟು ಬರೋದು ಅದಕ್ಕ, ಬೈಯಾಕ ಒಬ್ಬ ಕೆಟ್ಟವನಾದ್ರೂ ಇರಬಾರದಾಗಿತ್ತೇನು.

ಡಬ್ಬಿಗಳನ್ನ ಹೊತ್ತ ಟ್ರೇಲರ್‌ಗಳು ಬೊಂಬಾಯಿಂದ ಬಂದಾಗ ಪಾಷಾ ಊರಾಗ ಇದ್ದಿಲ್ಲ. ಮಾನ್ವಿಯೊಳಗ ಅವನ ತಂಗಿ ಮುನವ್ವರ್ ಬೀ ಮಗಳ ಶಾದಿ, ಅಲ್ಲಿ ಹೋಗಿದ್ದ. ಕ್ರೇನು ಬರಾಕ ಇನ್ನೂ ಎರಡು ದಿನ ಅದ ಅನ್ನೋ ಧೈರ್ಯದ ಮ್ಯಾಲೆ ಹೋಗಿದ್ದ. ಕ್ರೇನಿನಾವ ಬ್ಯಾರೆ ಕಡಿ ಕೆಲಸ ತಪ್ಪಿ ಮೊದಲ ಬಂದ. ಈಗಿಂದೀಗ ಎತ್ತಿದ್ರ ಎತ್ತಿದ್ದು, ಇಲ್ಲಾಂದ್ರ ಮುಂದಿನ ತಿಂಗಳು ಅಂದ.

ಕ್ರೇನು ಬರೋ ಹಿಂದಿನ ದಿನಾನ ದೊಡ್ಡವ್ವನ್ನ ಪಂಪಿನ ನೀರಿಲೇ ಕಡೀ ಸಲ ಗುಂಡಿಯಿಂದ ಮ್ಯಾಲೆ ಎಬ್ಬಿಸಿದ್ರು. ಆ ವರ್ಷ ಇನ್ನೂ ತೊಳದಿದ್ದಿಲ್ಲ, ಹಂಗಾಮಿನಾಗ ವಾಷರಿಂದ ಹತ್ತಿಕೊಂಡ ಗ್ರೀಸ್ ಮೈಮ್ಯಾಲೆ ಕರ್ರಗ ಇತ್ತು. ಹಂಗ ಕಳಿಸಿದ್ದಿದ್ರ, ಆ ಹೊಲಸು ಗ್ರೀಸಿನ ಸಮೇತ ಕಳಿಸಿದ್ದಿದ್ರ, ಈ ಕತಿ ಇರತಿದ್ದಿಲ್ಲ. ಆದ್ರ ಹೆಣ್ಣಮಕ್ಕಳು ಒಪ್ಪಬೇಕಲ್ಲ. ಗಂಡನ ಮನಿಗೆ ಹೋಗೋ ಮಗಳನ್ನ ಯಾರಾದ್ರೂ ಮಣ್ಣು ಮೈಲೇ ಕಳಸ್ತಾರೇನು ಅಂತ ಬಂಡೆಮ್ಮ ಸೆರಗು ಸಿಗಿಸಿ ನಿಂತ್ಲು. ಗಡಿಗೆಪ್ಪನೂ ಬ್ಯಾಡ ಅನ್ನಲಿಲ್ಲ. ಬ್ಯಾಡ ಅನ್ನಾಕ ಅವನಿಗೆ ಕಾರಣ ಇದ್ದಿಲ್ಲ, ಪ್ರತಿ ವರ್ಷ ಅದನ್ನ ಮಾಡತಿದ್ರು.

ಚಿಮಣಿ ಎಣ್ಣಿಲೇ ತೊಳದ್ರು, ಒಣ ಬಟ್ಟಿಲೇ ಒರಸಿದ್ರು. ಕಂಬದಾಗ ಎಲ್ಲರ ಮಾರಿ ಕಂಡವು. ಅರಿಷಿಣ ಕುಂಕುಮ ಹಚ್ಚಿದ್ರು. ಐದು ಮಂದಿ ಮುತ್ತೈದೇರು ಕೂಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಅರಿಷಿಣ ಬೇರು, ಕುಬಸದ ಕಣ ಎಲ್ಲ ಇಟ್ಟು ದೊಡ್ಡವ್ವಗ ಉಡಿ ತುಂಬಿದ್ರು. ಆಮ್ಯಾಲೆ ಅರಳಿ ಸುತ್ತಿದ್ರು. ಅಂಥಾ ಅರಳಿ ಬಾಣಂತಿ ಹಾಸಿಗಿಗೂ ಹಾಕಿರಲಿಕ್ಕಿಲ್ಲ. ಪ್ರತಿ ವರ್ಷಕ್ಕಿಂತ ದಪ್ಪ ಸುತ್ತಿದ್ರು, ಯಾಕಂದ್ರ ದೂರದ ದಾರಿ. ಮಾನಮ್ಮ ಅಳಾಕತ್ತಿದ್ಲು. ಉಳಿದವರು ಅಕೀನ್ನ ನೋಡಿ ನಕ್ಕರು, ನಕ್ಕು ತಾವೂ ಅತ್ರು.

ಉಳಿದ ಒಂದು ಹಿಡಿ ಅರಳಿಯೊಳಗ ಗಡಿಗೆಪ್ಪ ತನ್ನ ದೊಡ್ಡ ಪಾನಾ ಸುತ್ತಿಟ್ಟುಕೊಂಡ. ಕಂಬದ ಬುಡದ ನಟ್ಟು ಬಿಗಿಯೋ ಪಾನಾ ಅದು, ಬೊಂಬಾಯಿತನ ಮಷಿನ್ ಜೋಡಿ ಹೋಗೋ ಗಡಿಗೆಪ್ಪನ ಕೈಗಂಟಿನಾಗ ಬಿತ್ತು.

ಪಾಷಾ ಮಾನ್ವಿಯಿಂದ ಓಡಿ ಬರೋ ಹೊತ್ತಿಗೆ ತಾಡಪತ್ರಿ ಬಿಗಿದು, ಹಗ್ಗಕ್ಕ ಸರಕಾರಿ ಸೀಲು ಬಿದ್ದಿತ್ತು. ಸುತ್ತ ಒಂದು ಸುತ್ತು ಹಾಕಿದ, ಹಗ್ಗ ಜಗ್ಗಿ ನೋಡಿದ, ಕಟ್ಟಿಗಿ ತೊಲಿ ಎಣಿಸಿದ. ಕೆಲಸ ಚೊಲೊ ಆಗ್ಯಾದ ಅಂತ ಗಡಿಗೆಪ್ಪನ ಬೆನ್ನು ತಟ್ಟಿದ. ತಾಡಪತ್ರಿ ಒಳಗ ಏನದ ಅಂತ ಯಾಕ ಕೇಳ್ಯಾನು.

ಇಬ್ಬರೂ ಟ್ರೇಲರ್ ಹಿಂದ ಬೊಂಬಾಯಿಗೆ ಹೋದ್ರು. ಘಾಟು ಇಳಿಯೋದ್ರಾಗ ಮುಂಗಾರು ಹಿಡೀತು. ಗಡಿಗೆಪ್ಪ ಅಂಥಾ ಮಳಿ ಜೀವಮಾನದಾಗ ಕಂಡಿದ್ದಿಲ್ಲ. ನಿಲ್ಲೋದಿಲ್ಲ, ಉಸಿರು ತಗೊಳ್ಳೋದಿಲ್ಲ. ಡಬ್ಬಿಗಳು ಬಂದರಿನೊಳಗ ಹೋದವು, ಇವರು ಪಾಷಾನ ಹಳೇ ಗೆಳೆಯನ ಖೋಲಿಯೊಳಗ ಇಳಕೊಂಡ್ರು. ಗಡಿಗೆಪ್ಪಗ ಹಾಸಿಗಿ ಮೆತ್ತಗ ಹಸಿ ಅನಿಸಿತು. ತೊಟ್ಟ ಅಂಗಿ ಒಣಗಲಿಲ್ಲ. ಕಡ್ಡಿ ಗೀರಿದ್ರ ಹತ್ತಲಿಲ್ಲ. ಉಪ್ಪಿನ ಬಟ್ಟಲದಾಗ ನೀರು ನಿಂತಿತ್ತು. ಮನ್ಯಾಗ ಕುಂತ್ರೂ ತೊಯ್ಯೋ ಊರು ಇದೆಂಥಾದ್ದಪಾ ಅಂತ ನಗಚಾಟಿಕಿ ಮಾಡಿದ.

ಹಡಗಕ್ಕ ಏರಿಸೋ ದಿನ ಮುಂಜಾನಿ, ಊರಿಗೆ ಹೊಳ್ಳಿ ಹೋಗಾಕ ಗಂಟು ಕಟ್ಟಾಕತ್ತಿದ್ದ. ಪಾನಾ ಕೈಗೆ ಬಂತು. ಅರಳಿ ಭಾರ ಆಗಿತ್ತು, ಹಿಂಡಿದ್ರ ನೀರು ಬರೋವಷ್ಟು. ಬಿಚ್ಚಿದ. ರಾಯಚೂರಿನಾಗ ಬೆಳ್ಳಿ ಹಂಗ ಇದ್ದ ಪಾನಾ ಕೆಂಪಗ ಇತ್ತು. ಬಟ್ಟಿಲೇ ಒರಸಿದ. ಕೆಂಪು ಹೋತು, ಅದರ ಕೆಳಗ ಸಣ್ಣ ಸಣ್ಣ ಚುಕ್ಕಿ ಉಳದವು, ಸಿಡುಬಿನ ಕಲಿ ಹಂಗ. ಉಗುರಿಲೇ ಕೆರೆದ. ಹೋಗಲಿಲ್ಲ.

ಅವನು ಕುಂತಲ್ಲೇ ಕುಂತುಬಿಟ್ಟ. ಪಾಷಾ ಚಹಾ ತಂದಾಗ ಪಾನಾ ಮುಂದ ಹಿಡದ.

“ಸಾಬ್ರ, ಕಂಬಕ್ಕ ಹಿಂಗ ಅರಳಿ ಸುತ್ತೀವಿ.”

“ಅರಳಿ ಸುತ್ತಿದ್ರ ಸುತ್ತಿದ್ರಿ, ಬುಡಕ ಗ್ರೀಸ್ ಅದಲ್ಲ.”

“ಇಲ್ಲ. ತೊಳದೀವಿ.”

ಪಾಷಾ ಚಹಾ ಅಲ್ಲೇ ಇಟ್ಟ. ಯಾ ಅಲ್ಲಾ ಅಂದು ಚಪ್ಪಲಿ ಮೆಟ್ಟಿದ. ಇಬ್ಬರೂ ಮಳ್ಯಾಗ ಓಡಿದ್ರು. ದಾರ್ಯಾಗ ಒಂದು ಅಂಗಡಿಯೊಳಗ ಗಡಿಗೆಪ್ಪ ದೊಡ್ಡ ಡಬ್ಬಿ ಗ್ರೀಸ್ ತಗೊಂಡ. ಅದನ್ನ ಎದಿಗೆ ಅವಚಿಕೊಂಡು ಬಂದರಿನ ಗೇಟಿನ ಮುಂದ ನಿಂತ. ಪಾಷಾಗ ಒಳಗ ಹೋಗಾಕ ಪಾಸ್ ಇತ್ತು, ಇವನಿಗೆ ಇದ್ದಿಲ್ಲ.

ಪಾಷಾ ಒಳಗ ಯಾರ‍್ಯಾರ ಕಾಲು ಹಿಡದನೋ ದೇವರಿಗೆ ಗೊತ್ತು. ಸೀಲು ಒಡದ್ರ ಮತ್ತ ತಪಾಸಣಿ ಆಗಬೇಕು, ಹಡಗ ತಪ್ಪತದ ಅಂದ್ರು. ಬೊಂಬಾಯಿಯೊಳಗಿನ ಸೇಟುವಿನ ಗುಮಾಸ್ತನ್ನ ಕೇಳಿದ. ಈ ಹಡಗ ತಪ್ಪಿದ್ರ ಇನ್ನೊಂದು ಹಡಗದಾಗ ತಲಿ ಬಿಚ್ಚಿದ ಡಬ್ಬಿಗೆ ಜಾಗ ಸಿಗೋದು ಮಳಿಗಾಲ ಮುಗದ ಮ್ಯಾಲೆ, ಅಷ್ಟೊತ್ತಿಗೆ ಅಲ್ಲಿಯ ಹಂಗಾಮು ಮುಗದಿರತದ, ಸೇಟು ವ್ಯವಹಾರಾನ ಬಿಡತಾರ ಅಂದ ಗುಮಾಸ್ತ. ರಾಯಚೂರಿನ ಸಾವ್ಕಾರಗ ಟ್ರಂಕ್ ಕಾಲ್ ಹಚ್ಚಿದ. ಮಾಲು ನನ್ನ ಗೇಟು ದಾಟಿದ ಮ್ಯಾಲೆ ನಂದಲ್ಲ ಅಂದು ಅವನು ಫೋನ್ ಇಟ್ಟ.

ಪಾಷಾ ಹೊರಗ ಬಂದು ಇದ್ದದ್ದು ಇದ್ದಂಗ ಹೇಳಿದ.

“ಒಂದು ತಾಸು ಸಾಕು ಸಾಬ್ರ,” ಅಂದ ಗಡಿಗೆಪ್ಪ. “ನಾನೊಬ್ಬನ ಒಳಗ ಇಳೀತೀನಿ. ಅರಳಿ ಬಿಚ್ಚಿ, ಒರಸಿ, ಗ್ರೀಸ್ ಬಳದು ಬಂದುಬಿಡತೀನಿ. ಹಡಗ ನಿಂದ್ರಸೋದ ಬ್ಯಾಡ.”

“ಬಿಡೋದಿಲ್ಲಪಾ.”

“ನೀವು ಇನ್ನೊಮ್ಮಿ ಕೇಳ್ರಿ.”

ಪಾಷಾ ಇನ್ನೊಮ್ಮಿ ಹೋದ. ಕೇಳಿದನೋ, ಸುಮ್ಮನ ಒಳಗ ನಿಂತು ಬಂದನೋ, ನನಗ ತಿಳೀದು. ಗೇಟಿನ ಹೊರಗಿಂದ ಹಡಗದ ಕ್ರೇನು ಕಾಣತಿತ್ತು. ಬೀಡಿನ ತಲಿ ತಟ್ಟಿ ಸಮೇತ ಬರಿಮೈಲೇ ಮ್ಯಾಲೇರಿತು. ಅದರ ಹಿಂದ ತಾಡಪತ್ರಿ ಹೊದ್ದ ಡಬ್ಬಿ ಏರಿತು. ದೊಡ್ಡವ್ವ ನಿಂತೇ ಇದ್ಲು, ಗಡಿಗೆಪ್ಪ ಕೇಳಿದಂಗ. ತಾಡಪತ್ರಿ ಮ್ಯಾಲಿಂದ ಮಳಿ ನೀರು ಧಾರಿ ಧಾರಿ ಇಳೀತಿತ್ತು. ಗೇಟಿನ ಸಿಪಾಯಿ ಬಾಜು ಸರಿ ಅಂದ, ಗಡಿಗೆಪ್ಪ ಸರದ. ಗ್ರೀಸ್ ಡಬ್ಬಿ ಅವಚಿಕೊಂಡ ಕೈ ಬಿಡಿಸಾಕ ಪಾಷಾ ಅವನ ಬೆರಳು ಒಂದೊಂದ ಎಬ್ಬಿಸಬೇಕಾತು.

ಊರಿಗೆ ಬಂದ ಮ್ಯಾಲೆ ಅವನು ಯಾರಿಗೂ ಹೇಳಲಿಲ್ಲ. ಏನು ಹೇಳ್ಯಾನು. ಬಂಡೆಮ್ಮ ಅಷ್ಟೊತ್ತಿಗೆ ಟ್ರಂಕಿನಾಗ ಸೀರಿ ಮಡಿಚಿಟ್ಟಿದ್ಲು, ಜ್ವಾಳದ ಹಿಟ್ಟು ಎಷ್ಟು ದಿನ ಕೆಡದಂಗ ಇರತದ ಅಂತ ಅವರಿವರನ್ನ ಕೇಳಾಕತ್ತಿದ್ಲು. ಗಡಿಗೆಪ್ಪ ಮುಂಜಾನಿ ಎದ್ದು ಖಾಲಿ ಗುಂಡಿಯ ಮುಂದ ಹೋಗಿ ನಿಂದ್ರತಿದ್ದ. ಹಗಲಾಗಲಿ ಇರುಳಾಗಲಿ ಅವನ ತಲಿಯೊಳಗ ಒಂದ ಲೆಕ್ಕ. ಅರಳಿ ದಪ್ಪ ಅದಲ್ಲ, ಹವಾ ಒಳತನ ಹೋಗಿರಲಿಕ್ಕಿಲ್ಲ. ಹೋಗಿದ್ರೂ ಮ್ಯಾಲ ಮ್ಯಾಲಷ್ಟ ಕೆಂಪಾಗಿರಬೇಕು, ಎಣ್ಣಿ ಹಚ್ಚಿ ಉಜ್ಜಿದ್ರ ಹೋಗತದ. ಹಿಂಗ ತನಗ ತಾನ ಹೇಳಿಕೋತಿದ್ದ. ಆಮ್ಯಾಲೆ ಪಾನಾ ತಗದು ಆ ಚುಕ್ಕಿ ನೋಡತಿದ್ದ. ಸಮುದ್ರದ ಆಚಿ ನಡದದ್ದಕ್ಕ ಇಲ್ಲಿ ಕುಂತಾವ ಏನು ಮಾಡ್ಯಾನ್ರಿ. ಅಲ್ಲಾ, ಮಾಡಾಕ ಏನಾರ ಇದ್ದಿದ್ರ ಆ ಮನುಷ್ಯ ಈಜಿ ಹೋಗತಿದ್ದ.

ದೀಪಾವಳಿ ಆತು. ಟಿಕೇಟು ಬರಲಿಲ್ಲ. ಬ್ಯಾರೆ ಕೆಲಸಕ್ಕ ಬೊಂಬಾಯಿಗೆ ಹೋದ ಪಾಷಾ ಸೇಟುವಿನ ಗುಮಾಸ್ತನ್ನ ಕಂಡು ಬಂದ. ಬಂದಾವ ನೇರ ಮನಿಗೆ ಬರಲಿಲ್ಲ, ಗಡಿಗೆಪ್ಪನ್ನ ಅದೇ ಚಹಾದಂಗಡಿಗೆ ಕರೆಸಿದ.

ಮುಚ್ಚಿದ ಡಬ್ಬಿಯೊಳಗಿನ ಗಾಲಿ, ಪಂಪು ಎಲ್ಲ ಚೊಲೊ ಮುಟ್ಟಿದ್ದವು. ತಟ್ಟಿ ಮ್ಯಾಲೆ ಬಯಲಾಗ ಮಳ್ಯಾಗ ತೊಯ್ಸಿಕೊಂಡು ಹೋದ ಬೀಡಿನ ತಲಿಗೂ ಏನೂ ಆಗಿದ್ದಿಲ್ಲ. ಅರಳಿ ಸುತ್ತಿದ ಕಂಬ ಒಂದ ಹೋಗಿತ್ತು. ಬಾಗಿದ್ದಿಲ್ಲ, ನೆಟ್ಟಗ ಇತ್ತು. ಆದ್ರ ಹಸಿ ಅರಳಿ ತಿಂಗಳಗಟ್ಟಲೆ ಮೈಗೆ ಹತ್ತಿ, ಬಿಚ್ಚಿದಾಗ ಬುಡದಿಂದ ತುದಿತನ ತೂತು ತೂತು. ಸೇಟು ಹಟ ಬಿಡದ ಕೂಡಿಸಿ ನೋಡಿದ. ಹಾಕಿದ ವಾಷರ್ ಎಲ್ಲ ಹರದವು, ನೀರು ಕಾರಂಜಿ ಹಂಗ ಚಿಮ್ಮಿತು, ಒಂದು ದಿಂಡೂ ಏಳಲಿಲ್ಲ. ಕಡೀಕ ಬ್ಯಾರೆ ದೇಶದ ಹೊಸ ಪ್ರೆಸ್ ತರಿಸಿದ. ದೊಡ್ಡವ್ವನ್ನ ಅಂಗಳಕ್ಕ ಹಾಕ್ಯಾರಂತ.

“ಮಲಗಿಸಿ ಹಾಕ್ಯಾರೇನು?” ಅಂತ ಕೇಳಿದ ಗಡಿಗೆಪ್ಪ. ಅಷ್ಟ ಕೇಳಿದ.

“ತಪ್ಪು ನಂದು,” ಅಂದ ಪಾಷಾ. “ನಾನು ಮಾನ್ವಿಗೆ ಹೋಗಬಾರದಾಗಿತ್ತು. ಮುಚ್ಚಿದ ಡಬ್ಬಿನ ಅಂತ ಹಟ ಹಿಡೀಬೇಕಾಗಿತ್ತು.”

“ನಿಮ್ದೇನದ ಸಾಬ್ರ. ನಿಂತೇ ಹೋಗಲಿ ಅಂದಾವ ನಾನು.” ಆಮ್ಯಾಲೆ ಅಂದ, “ಇದು ಬಂಡೆಮ್ಮಗ ತಿಳೀಬಾರದು. ಆ ಹೆಣ್ಣಮಕ್ಕಳಿಗೆ ಯಾರಿಗೂ ತಿಳೀಬಾರದು. ತಮ್ಮ ಕೈಲೇ ಸುತ್ತ್ಯಾರ.”

ಮನಿಗೆ ಹೋಗಿ ಹೆಂಡತಿಗೆ ಹೇಳಿದ: ದೊಡ್ಡವ್ವ ಅಲ್ಲಿ ಚೊಲೊ ಓಡಾಕತ್ತಾಳ, ಕಂಬ ಕನ್ನಡಿ ಹಂಗ ಅದ, ಆದ್ರ ನಡಸಾಕ ಅಲ್ಲಿಯವನ್ನ ಯಾರನ್ನೋ ಇಟ್ಟುಕೊಂಡಾರ, ನಮ್ಮನ್ನ ಕರೆಯೋದಿಲ್ಲಂತ.

ಬಂಡೆಮ್ಮ ಅತ್ಲು, ಬೈದ್ಲು. ಬೈದು ಬೈದು ಅಕಿ ಬುದ್ಧಿ ಬಂದು ನಿಂತದ್ದು ವಲಿ ಪಾಷಾನ ಮ್ಯಾಲೆ. ಬೊಂಬಾಯಿಯೊಳಗ ಎಲ್ಲ ಬಲ್ಲಾವ ಅವನೊಬ್ಬ, ತನ್ನ ಮಂದಿ ಯಾರನ್ನೋ ಆ ಜಾಗಕ್ಕ ತೂರಿಸ್ಯಾನ ಅಂತ ಗಟ್ಟಿ ಮಾಡಿಕೊಂಡ್ಲು. ಮುಂದಿನ ಸಲ ಪಾಷಾ ಮನಿ ಬಾಗಲಿಗೆ ಬಂದಾಗ, “ನನ್ನ ಗಂಡನ ಅನ್ನಕ್ಕ ಕಲ್ಲು ಹಾಕಿದ್ರಿ, ಇನ್ನ ಯಾಕ ಬಂದೀರಿ?” ಅಂತ ಮಾರಿಗೆ ಹೊಡದಂಗ ಕೇಳಿದ್ಲು. ಪಾಷಾ ಗಡಿಗೆಪ್ಪನ ಕಡಿ ನೋಡಿದ. ಗಡಿಗೆಪ್ಪ ನೆಲ ನೋಡಿದ. ಪಾಷಾ ತಲಿ ತಗ್ಗಿಸಿ, “ತಪ್ಪಾತವ್ವ,” ಅಂದು ಹೊಳ್ಳಿ ಹೋದ. ಮತ್ತ ಆ ಓಣಿಗೆ ಬರಲಿಲ್ಲ.

ಟಾಕೀಸ್ ಕಟ್ಟಾಕ ಚಾಲೂ ಆದ ಮ್ಯಾಲೆ ಗಂಡ ಹೆಂಡತಿ ದೇವದುರ್ಗಕ್ಕ ಬಂದ್ರು. ಅಲ್ಲೊಂದು ಸಣ್ಣ ಪ್ರೆಸ್. ದೊಡ್ಡವ್ವನ ಮುಂದ ನಿಂದ್ರಿಸಿದ್ರ ಅದು ಒಳ್ಳಕಲ್ಲಿನ ಮುಂದಿನ ಕುಟ್ಟಾಣಿ. ಗಡಿಗೆಪ್ಪ ಕೆಲಸ ತಪ್ಪಿಸಲಿಲ್ಲ, ಆದ್ರ ಮುಂಜಾನಿ ಎದ್ದು ಮೊದಲ ತನ್ನ ಮಾರಿ ತೊಳಕೊಳ್ಳಾಕ ಕಲಿತ. ಬೊಂಬಾಯಿಂದ ತಂದ ಗ್ರೀಸ್ ಡಬ್ಬಿ ಗೂಡಿನಾಗ ಇಟ್ಟಿದ್ದ. ಅದರ ಮುಚ್ಚಳ ಒಮ್ಮಿನೂ ತಗೀಲಿಲ್ಲ.

ಹಂಗಾಮು ಮುಗಿಯೋ ದಿವಸ ದೇವದುರ್ಗದ ಹೊಸ ಹೆಣ್ಣಮಕ್ಕಳನ್ನ ಕೂಡಿಸಿಕೊಂಡು ಬಂಡೆಮ್ಮ ಹೇಳತಿದ್ಲು.

“ಇಷ್ಟು ತೆಳ್ಳಗ ಅಲ್ಲವ್ವಾ, ದಪ್ಪ ಸುತ್ತ್ರಿ. ನಮ್ಮ ದೊಡ್ಡವ್ವಗ ನಾ ಈ ಕೈಲೇ ಸುತ್ತಿ ಕಳಿಸೀನಿ, ಸಮುದ್ರ ದಾಟಿ ಹೋಗ್ಯಾಳ. ಇವತ್ತಿಗೂ ಅಕಿ ಮೈಯಾಗ ಮಾರಿ ಕಾಣತದಂತ. ಬೇಕಾದ್ರ ನಮ್ಮ ಯಜಮಾನರನ್ನ ಕೇಳ್ರಿ.”

ಹೆಣ್ಣಮಕ್ಕಳು ಗಡಿಗೆಪ್ಪನ ಕಡಿ ಹೊಳ್ಳಿ ನೋಡಿದ್ರು.

“ಹೌದು,” ಅಂದ ಗಡಿಗೆಪ್ಪ. ಬಂಡೆಮ್ಮನ ಉಡಿಯೊಳಗಿನ ಅರಳಿ ತಗೊಂಡು ತಾನೂ ಸುತ್ತಾಕ ಕುಂತ.